ನೀಲಕಂಠಸ್ವಾಮಿಯ ಫ್ಲಾಸ್ಕು

ನೀಲಕಂಠಸ್ವಾಮಿ ಸುಮ್ಮನೆ ನೀರು ತುಂಬಿಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಕೇಳಿದವರಿಗೆ ನಿಜ ಹೇಳಿದ್ದೇ ತಪ್ಪಾಯಿತು.

ಅವನು ಚಾಮರಾಜನಗರದ ಕಾಲೇಜೊಂದರಲ್ಲಿ ಮೇಷ್ಟ್ರು. ಪಿಎಚ್‌ಡಿ ವರ್ಷಗಳಿಂದ ಕುಂಟುತ್ತಿತ್ತು. ಮರುದಿನ ಜೀವಂತ ಬ್ಯಾಕ್ಟೀರಿಯ ತೋರಿಸದಿದ್ದರೆ ಬೇರೆ ಗೈಡನ್ನು ಹುಡುಕಿಕೊಳ್ಳಿ ಎಂದು ಗೈಡು ಗುಡುಗಿದ್ದರು. ಅದಕ್ಕೇ ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಬಂದು, ನಿಕ್ಕಲ್ ಪಾಲಿಶ್ ಷೆಡ್ಡಿನ ಹಿಂದಿನ ಹಸಿರು ಚರಂಡಿಗೆ ಬಗ್ಗಿ ಸ್ಟೀಲ್ ಫ್ಲಾಸ್ಕು ತುಂಬಿಸುತ್ತಿದ್ದ.

"ಇದೇನ್ ಸಾ, ಫ್ಲಾಸ್ಕಿಗೆ ಮೋರಿ ನೀರ್ ತುಂಬ್ತಾ ಇದ್ದೀರಿ?" ಪಕ್ಕದ ಟೀ ಅಂಗಡಿಯ ಮರಿಯಯ್ಯ ಕೇಳಿದ.

"ಇದ್ರಲ್ಲಿ ನಿಕ್ಕಲ್, ಕ್ರೋಮಿಯಂ ಅಂತ ವಿಷ ಇದೆ. ಆದ್ರೂ ಬ್ಯಾಕ್ಟೀರಿಯ ಆರಾಮಾಗಿ ಬದುಕಿವೆ. ಹೆಂಗೆ ಅಂತ ನೋಡ್ಬೇಕು."

ಮರಿಯಯ್ಯನ ಕಿವಿಗೆ ಬಿದ್ದದ್ದು ಒಂದೇ ಮಾತು. "ಚಿಕ್ಕನಿಂಗಕ್ಕಾ! ಚರಂಡೀಲಿ ವಿಸ ಅದಂತೆ! ಬೆಂಗ್ಳೂರಿಂದ ಆಪೀಸರ್ ಬಂದವ್ರೆ!"

ಎದುರುಮನೆಯ ಚಿಕ್ಕನಿಂಗಮ್ಮ ಪೊರಕೆ ಸಮೇತ ಓಡಿಬಂದಳು. "ನನ್ ಎಮ್ಮೆ ದಿನಾ ಇದ್ನೇ ಕುಡಿತದಲ್ಲಪ್ಪೋ! ಅದೆಂಗ್ ಬದುಕದೆ ಅಂತ್ಲೂ ನೋಡ್ಬುಡಿ!"

"ನಾನು ಆಫೀಸರ್ ಅಲ್ಲಮ್ಮಾ, ಬರೀ ಮೇಷ್ಟ್ರು."

"ದೊಡ್ಡೋರು ಇಂಗೇ ಕಣ್ಲಾ, ಏಳ್ಕಳಲ್ಲ," ಎಂದ ಯಾರೋ.

ಜನ ಬೆಲ್ಲಕ್ಕೆ ನೊಣ ಮುತ್ತಿದಂತೆ ಮುತ್ತಿದರು. ಷೆಡ್ಡಿನ ಯಜಮಾನ ಬಾಗಿಲಿಗೆ ಬೀಗ ಜಡಿದು ಸ್ಕೂಟರ್ ಹತ್ತಿದ. ಬೀದಿಯ ಮೆಂಬರ್ ಮರಿಮಲ್ಲಪ್ಪ ಅರ್ಧ ಗಡ್ಡ ಹೆರೆಸಿಕೊಂಡು, ಉಳಿದರ್ಧದಲ್ಲಿ ಸೋಪಿನ ನೊರೆ ಹೊತ್ತು ಬಂದು ಕೈಮುಗಿದ. "ಈಗಿಂದೀಗ್ಲೇ ಕ್ಲೀನ್ ಮಾಡುಸ್ತೀನಿ ಸಾ, ಮೇಲಕ್ಕೆ ಮಾತ್ರ ಬರೀಬೇಡಿ."

"ಅಯ್ಯೋ, ಕ್ಲೀನ್ ಮಾಡ್ಬೇಡಿ!" ಎಂದು ನೀಲಕಂಠಸ್ವಾಮಿ ಚೀರಿದ. ಚಿಕ್ಕನಿಂಗಮ್ಮನ ಪೊರಕೆ ಮೆಲ್ಲನೆ ಮೇಲೇರಿತು. ಅವನು ಫ್ಲಾಸ್ಕನ್ನು ಕಂಕುಳಲ್ಲಿ ಅವಚಿಕೊಂಡು ಹಿಂದೆ ಸರಿದ.

ಟ್ಯಾಂಕರ್ ಬಂತು, ಹಾರೆ ಗುದ್ದಲಿ ಬಂದವು, ಬ್ಲೀಚಿಂಗ್ ಪೌಡರಿನ ಮೂಟೆಗಳೂ ಬಂದವು. ಜನ ಅವನಿಗೆ ಹಾರ ಹಾಕುವ ಗಡಿಬಿಡಿಯಲ್ಲಿ ಮರಿಯಯ್ಯ ಅವನ ಕಂಕುಳಿಂದ ಫ್ಲಾಸ್ಕು ಕಿತ್ತುಕೊಂಡ. "ಕೊಡಿ ಸಾ, ಜೋಪಾನವಾಗಿ ಮಡಿಕತೀನಿ."

ಅಂತೂ ಜನ ಅವನನ್ನು ಮೆರವಣಿಗೆಯಲ್ಲಿ ಕರೆತಂದು ಚಾಮರಾಜನಗರದ ಬಸ್ಸು ಹತ್ತಿಸಿದರು. ಕಿಟಕಿಯಿಂದ ಫ್ಲಾಸ್ಕು ಒಳಗೆ ಬಂದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಚರಂಡಿ ಹೋದರೆ ಹೋಗಲಿ, ಬ್ಯಾಕ್ಟೀರಿಯ ಉಳಿದವಲ್ಲ! ಫ್ಲಾಸ್ಕನ್ನು ಕೂಸಿನಂತೆ ಎದೆಗವಚಿಕೊಂಡ.

ಬಸ್ಸು ಹೊರಟಿತು. ಮರಿಯಯ್ಯ ಪಕ್ಕದಲ್ಲೇ ಓಡುತ್ತಾ ಕೂಗಿದ: "ಸಾ, ನಮ್ಗೆ ಇಷ್ಟು ಉಪ್ಕಾರ ಮಾಡುದ್ರಿ, ನಿಮ್ಗೆ ಆ ಗಲೀಜು ಕೊಟ್ ಕಳ್ಸಾಕಾದದಾ? ಎಲ್ಲ ಚೆಲ್ಬುಟ್ಟು, ಸೋಪಾಕಿ ತೊಳ್ದು, ಬೋರ್ ನೀರ ಕುದ್ಸಿ ಆರ್ಸಿ ತುಂಬಿವ್ನಿ!"

ನೀಲಕಂಠಸ್ವಾಮಿ ಗಡಬಡಿಸಿ ಹೊರಗೆ ಇಣುಕಿದ. ಬಸ್ಸು ಷೆಡ್ಡಿನ ಹಿಂದಿನಿಂದಲೇ ಹಾಯುತ್ತಿತ್ತು; ಬ್ಲೀಚಿಂಗ್ ಪೌಡರ್ ಬಿದ್ದ ಚರಂಡಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು.

ಟಿಕೆಟ್ ಕೊಡಲು ಬಂದ ಕಂಡಕ್ಟರ್, "ಒಂಚೂರು ನೀರ್ ಕೊಡಿ ಸಾ," ಎಂದ. ನೀಲಕಂಠಸ್ವಾಮಿ ಫ್ಲಾಸ್ಕು ಚಾಚಿದ. ಕಂಡಕ್ಟರ್ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ತೃಪ್ತಿಯಿಂದ ಹೇಳಿದ:

"ಆಹಾ! ಇದ್ರಲ್ಲಿ ಒಂದ್ ಕ್ರಿಮೀನೂ ಇರಾಕಿಲ್ಲ ಬುಡಿ ಸಾ!"