ಜರ್ನಲ್ ಬಾಕಿ ಉಳಿದ ವರ್ಷ

ಮನಸ್ಸಿಗೆ ಆರಾಮಿಲ್ಲದ ದಿನಗಳಲ್ಲೇ ನಗುವಂಥ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ನಗಲಿಕ್ಕೆ ಮಾತ್ರ ಆಗ ಆಗುವುದಿಲ್ಲ. ಬಿ.ಎಸ್ಸಿ. ಕೊನೆಯ ವರ್ಷ ನಾನು ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದೆ. ಎದ್ದು ತಲೆ ಬಾಚಿಕೊಳ್ಳುವುದೂ ದಣಿವು. ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಜರ್ನಲ್ ಖಾಲಿ. ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಕೊಡಬೇಕಿತ್ತು, ಅದೂ ಇಲ್ಲ. ಕೊಡುವ ದಿನ ಎಂದೋ ದಾಟಿತ್ತು.

೧. ಕಣ್ಣಿನ ಡಾಕ್ಟರು

ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಎನ್ನುತ್ತಾರೆ. ಹುಚ್ಚಾಸ್ಪತ್ರೆ ಅಲ್ಲಿದೆ ಎಂಬ ಚೇಷ್ಟೆ. ಹೀಗಾಗಿ ಗೋಪನಕೊಪ್ಪದ ಮನೆಯಿಂದ ಧಾರವಾಡದ ಮನೋವೈದ್ಯರ ಕಡೆ ಹೊರಟಾಗ ಅಪ್ಪ ಬಾಜೂ ಮನೆ ಕಾಕೂಗೆ, "ಮಗಳ ಕಣ್ಣ ತೋರಿಸ್ಕೊಂಡ ಬರ್ತೇವ್ರಿ" ಎಂದರು.

"ಹೋಗಿ ಬರ್ರಿ. ನಾನೂ ತಂಗಿ ಮನಿಗೆ ಹೊಂಟೇನಿ" ಎಂದರು ಕಾಕೂ.

ದವಾಖಾನೆಯಲ್ಲಿ ನಮ್ಮ ಎದುರಿನ ಬೆಂಚಿನ ಮೇಲೆ ಕಾಕೂ ಕೂತಿದ್ದರು. ಬಹಳ ಹೊತ್ತು ಮೂವರೂ ಗೋಡೆ ನೋಡಿದೆವು. ಕಡೆಗೆ ಕಾಕೂ ಮೆಲ್ಲಗೆ ಕೇಳಿದರು: "ಕಣ್ಣಿನ ಡಾಕ್ಟರು ಛಲೋ ಅದಾರೇನ್ರಿ ಅಣ್ಣಾರ?"

"ಛಲೋ ಅದಾರಂತ್ರಿ," ಎಂದರು ಅಪ್ಪ. "ನಿಮ್ಮ ತಂಗಿ ಒಳಗ ಹೋಗ್ಯಾರೇನ್ರಿ?"

೨. ಡೋಸು

ಡಾಕ್ಟರು ಗುಳಿಗೆ ಬರೆದು, "ಜರ್ನಲ್ ಒಮ್ಮೆಲೆ ಮುಗಸಾಕ ಹೋಗಬ್ಯಾಡ. ದಿನಾ ಒಂದ ಪುಟ ಬರಿ, ಸಾಕು" ಎಂದರು. ಅವ್ವ ಅದನ್ನೂ ಔಷಧದ ಲೆಕ್ಕಕ್ಕೆ ಸೇರಿಸಿದಳು. ನಾಷ್ಟಾ ಆದ ಮೇಲೆ ಒಂದು ಗುಳಿಗೆ, ಒಂದು ಪುಟ. ಕೆಲವು ದಿನ ಅಷ್ಟೂ ಆಗದೆ ಪೆನ್ನು ಹಿಡಿದು ಅಳುತ್ತ ಕೂಡುತ್ತಿದ್ದೆ. ಅವ್ವ ಬಗಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

ಒಂದು ದಿನ ಯಾಕೋ ಕೈ ತಾನಾಗಿ ಓಡಿತು. ಮೂರನೆಯ ಪುಟ ಹಿಡಿದಿದ್ದೆ. ಅವ್ವ ಗಾಬರಿಯಾಗಿ ಪೆನ್ನು ಕಸಿದುಕೊಂಡಳು. "ಸಾಕ, ಮುಚ್ಚಿಡು. ಡಾಕ್ಟರ್‌ನ ಕೇಳದ ಡೋಸ್ ಹೆಚ್ಚ ಮಾಡಬಾರ್ದು."

೩. ಕೆಲಗೇರಿಯ ಗಿಡ

ಗಿಡ ಕೂಡಿಸಲು ಒಂದು ರವಿವಾರ ಅಪ್ಪ ನನ್ನನ್ನು ಕೆಲಗೇರಿ ಕೆರೆಗೆ ಕರೆದುಕೊಂಡು ಹೋದರು. ಹತ್ತಿ ವ್ಯಾಪಾರದಲ್ಲಿ ತಲೆ ಬೆಳ್ಳಗಾದ ಮನುಷ್ಯ. ನಾನು ಸುಮ್ಮನೆ ದಂಡೆಗೆ ಕೂತೆ. ಅವರೇ ಬಗ್ಗಿ ಬಗ್ಗಿ ಕಿತ್ತರು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತರು.

"ಯಾತಕ್ಕ ಬರತೈತ್ರಿ ಇದು?"

"ನನಗ ಗೊತ್ತಿಲ್ರಿ. ಮಗಳಿಗೆ ಬೇಕಾಗೇತಿ. ಒಣಗಿಸಿ ಇಡಬೇಕಂತ."

"ಶುಗರ್‌ಗೂ ನಡೀತೈತೇನ್ರಿ?"

ಅಪ್ಪ ಉತ್ತರ ಹುಡುಕುವುದರೊಳಗೆ ಆ ಹಿರಿಯರ ಗೆಳೆಯರೂ ಬಂದು ಕೀಳಲು ಸುರು ಮಾಡಿದರು. ನಾನು ಎದ್ದು ಹೋಗಿ, "ಇದು ಹೊಟ್ಟಿಗೆ ತಗೊಳ್ಳೋದಲ್ರಿ, ಅಂಟಸೋದ್ರಿ" ಎಂದೆ.

"ಹಂಗಾರ ಮಣಕಾಲಿಗೆ ಬರತೈತಿ," ಎಂದು ಹಿರಿಯರು ಇನ್ನೊಂದು ಹಿಡಿ ಕಿತ್ತುಕೊಂಡರು.

ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಗು. ಅಪ್ಪ ಕೈಯಲ್ಲಿದ್ದ ಗಿಡ ಬಿಟ್ಟು ನನ್ನನ್ನೇ ನೋಡುತ್ತ ನಿಂತರು.

೪. ಸರ್

ಎಲ್ಲ ಮುಗಿಸಿ, ಜರ್ನಲ್ ಹಿಡಿದು ಕಾಲೇಜಿಗೆ ಹೋದೆ. ನಮ್ಮ ಸಸ್ಯಶಾಸ್ತ್ರದ ಸರ್ ಬಲು ಕಡಕ್ ಮನುಷ್ಯ. ತಡವಾಗಿ ಕೊಟ್ಟರೆ ಮುಟ್ಟುವುದಿಲ್ಲ ಎಂಬ ಖ್ಯಾತಿ. ಅವರು ತೆಗೆದುಕೊಳ್ಳದಿದ್ದರೆ ನನ್ನ ವರ್ಷ ಹೋಗುತ್ತಿತ್ತು.

"ಎಲ್ಲಿದ್ದಿ ಯವ್ವಾ ಇಷ್ಟ ದಿನಾ?"

ಜ್ವರ ಎನ್ನಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದು ಬೇರೆ. "ಮನಸ್ಸಿಗೆ ಆರಾಮ ಇರಲಿಲ್ರಿ ಸರ್. ಡಾಕ್ಟರ ಕಡೆ ತೋರಸಾಕತ್ತೇನಿ. ಜರ್ನಲ್ ನೋಡಿದ್ರ ಎದಿ ಬಡಕೋತಿತ್ರಿ."

ಸರ್ ಎದ್ದು ಹಿಂದಿನ ಕಪಾಟು ತೆರೆದರು. ಇಡೀ ಕ್ಲಾಸಿನ ಜರ್ನಲ್‌ಗಳು, ಯಾವುದಕ್ಕೂ ಕೆಂಪು ಗೆರೆ ಬಿದ್ದಿಲ್ಲ.

"ನನಗೂ ಇವನ್ನ ನೋಡಿದ್ರ ಹಂಗ ಆಗತೈತಿ," ಎಂದರು. "ಕಪಾಟ ತಗಿಯೂದ ಬಿಟ್ಟೇನಿ. ಯಾರಿಗೂ ಹೇಳಿಲ್ಲ."

ಅವರ ಮುಖ ನೋಡಿ ನನ್ನ ಹೆದರಿಕೆ ಎಲ್ಲಿ ಹೋಯಿತೋ. "ಡಾಕ್ಟರ್‌ಗೆ ಒಂದ್ಸಲ ತೋರಸ್ರಿ ಸರ್. ಅಲ್ಲೀತನಕಾ ಮೊದಲ ನಂದೊಂದ ನೋಡ್ರಿ. ಉಳಿದಾವು ನಾಳಿಂದ ದಿನಾ ಒಂದೊಂದ ನೋಡಿದ್ರ ಆತು," ಎಂದೆ.

ಸರ್ ಕುರ್ಚಿ ಎಳೆದುಕೊಂಡು ಪೆನ್ನು ತೆಗೆದರು, ನನ್ನ ಜರ್ನಲ್ ಬಿಡಿಸಿದರು. ಆಮೇಲೆ ಕಾಲೇಜಿಗೇ ಕಡಕ್ ಆದ ಆ ಮನುಷ್ಯ, ಸಣ್ಣ ಹುಡುಗನ ಹಾಗೆ ತಲೆ ಅಲ್ಲಾಡಿಸಿ ಹೇಳಿದರು: "ಹೂನ್ರಿ ಮೇಡಂ."