ಅಲ್ಲಾಡದ ಆಧಾರ

ನೆವಿಲ್ ಪ್ರೌಟ್ ಎರವಲು ತಂದಿದ್ದ ಲೆನ್ಸು ಎಳೆಗರುವಿನಷ್ಟು ಭಾರವಿತ್ತು. ಪಕ್ಕದ ಊರಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುವ ಡಾಕ್ಟರೊಬ್ಬರು ಅದನ್ನು ಒಂದೇ ಒಂದು ಶನಿವಾರಕ್ಕೆಂದು ಕೊಟ್ಟಿದ್ದರು. ಕೈಯಲ್ಲಿ ಹಿಡಿದರೆ ಹತ್ತು ಎಣಿಸುವಷ್ಟರಲ್ಲಿ ತೋಳು ನಡುಗುತ್ತಿತ್ತು. ತೋಳು ಕೂದಲೆಳೆಯಷ್ಟು ನಡುಗಿದರೂ ಸಾಕು, ದೂರದ ಆಟಗಾರ ಚಿತ್ರದಲ್ಲಿ ಹೊಗೆಯಾಗಿಬಿಡುತ್ತಿದ್ದ. ಇದನ್ನು ಯಾವುದರ ಮೇಲೆ ನಿಲ್ಲಿಸುವುದು?

ಸಣ್ಣ ಪ್ರಶ್ನೆಯಲ್ಲ. ವಾರಪಿಲ್ ಫುಟ್‌ಬಾಲ್ ಕ್ಲಬ್ಬಿನ ಮಿಕ್ ಡೂಲನ್ ಅಂದು ಮುನ್ನೂರನೆಯ ಪಂದ್ಯ ಆಡಿ ಆಟ ಬಿಡುವವನಿದ್ದ. ವಾರವಿಡೀ ಮಿಕ್ ಊರಿನ ಕಟುಕ. ಶನಿವಾರ ಮಾತ್ರ ಹಕ್ಕಿ. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಅದಕ್ಕಾಗಿ ಇನ್ನೊಬ್ಬನ ಮೈಮೇಲೆ ಹತ್ತಲೂಬಹುದು. ಮಿಕ್ ಮುಂದಿದ್ದವನ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡು ಎಲ್ಲರ ತಲೆಯ ಮೇಲೆ ಎದ್ದು ಚೆಂಡು ಹಿಡಿಯುತ್ತಿದ್ದ. ಆ ಹಾರಾಟದ ಒಂದೇ ಒಂದು ಸ್ಪಷ್ಟ ಚಿತ್ರ ಯಾರ ಬಳಿಯೂ ಇರಲಿಲ್ಲ. ಕ್ಲಬ್ಬಿನ ಗೋಡೆಯ ಮೇಲೆ ಖಾಲಿ ಚೌಕಟ್ಟೊಂದು ಕಾಯುತ್ತಿತ್ತು. ನೆವಿಲ್ ಅಂಚೆ ಕಚೇರಿಯ ಗುಮಾಸ್ತ, ಕ್ಲಬ್ಬಿನ ಸಂಬಳವಿಲ್ಲದ ಫೋಟೋಗ್ರಾಫರ್, ಜೊತೆಗೆ ಸಂಖ್ಯೆ ತುಂಬಿಸಲೆಂದು ಆಟಗಾರರ ಪಟ್ಟಿಯ ಕಟ್ಟಕಡೆಗೆ ಬರೆದಿದ್ದ ಹೆಸರು. ಚೌಕಟ್ಟನ್ನು ತಾನು ತುಂಬಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ.

ಆಟಕ್ಕೆ ನಾಲ್ಕು ಕ್ವಾರ್ಟರ್. ಮೊದಲ ಕ್ವಾರ್ಟರಿಗೆ ಮೂರು ಕಾಲಿನ ಟ್ರೈಪಾಡ್ ಹೂಡಿದ. ಐದು ನಿಮಿಷದಲ್ಲಿ ಅದರ ಮೇಲೆ ಇಬ್ಬರ ಕೋಟು ನೇತಾಡುತ್ತಿದ್ದವು, ಒಂದು ಕಾಲಿಗೆ ಯಾರೋ ನಾಯಿ ಕಟ್ಟಿದ್ದರು. ಚೆಂಡು ಅತ್ತ ಉರುಳಿದ್ದೇ ತಡ ನಾಯಿ ಚೆಂಡಿನ ಹಿಂದೆ, ಟ್ರೈಪಾಡ್ ನಾಯಿಯ ಹಿಂದೆ, ಲೆನ್ಸನ್ನು ಮಗುವಿನಂತೆ ಅವುಚಿಕೊಂಡ ನೆವಿಲ್ ಎಲ್ಲದರ ಹಿಂದೆ.

"ಲೋ ನೆವ್!" ಕೋಚ್ ರಾಸ್ ಗುಡುಗಿದ. "ಗೆರೆ ಹತ್ರ ಬೋನು ಇಟ್ಟಿದೀಯೇನೋ? ನನ್ನ ಹುಡುಗರ ಕಾಲು ಮುರಿಯುತ್ತೆ, ಎತ್ತು ಅದನ್ನ!"

ಎರಡನೆಯ ಕ್ವಾರ್ಟರಿಗೆ ಒಂಟಿಕಾಲಿನ ಮಾನೋಪಾಡ್ ಬಂತು. ಹಿಂದಿನ ದಿನದ ಮಳೆಗೆ ನೆಲ ಕಲಸಿದ ಹಿಟ್ಟಿನಂತಿತ್ತು. ಕೋಲು ಇಳಿಯಿತು, ನೆವಿಲ್ ಬಗ್ಗಿದ. ಇನ್ನೂ ಇಳಿಯಿತು, ಮೊಣಕಾಲೂರಿದ.

"ಪ್ರಾರ್ಥನೆ ಮಾಡ್ತಿದೀಯೇನಪ್ಪಾ?" ಬೇಲಿಗೆ ಮೂತಿಯೊತ್ತಿ ನಿಂತಿದ್ದ ಕಾರಿನೊಳಗಿಂದ ಬೆರಿಲ್ ಆಂಟಿ ಚಹಾ ಹೀರುತ್ತಾ ಕೇಳಿದರು. "ಬಾ ಇಲ್ಲಿ. ಕೋಳಿಗೆ ಅಂತ ತಂದ ಗೋಧಿ ಚೀಲ ಇದೆ. ಬಾನೆಟ್ ಮೇಲೆ ಹಾಕಿ ಅದರ ಮೇಲಿಡು."

ಮಡಿಲಿನಲ್ಲಿ ಬೆಕ್ಕು ಕೂತಂತೆ ಲೆನ್ಸು ಗೋಧಿಯಲ್ಲಿ ಕೂತಿತು. ನೆವಿಲ್ ಕಣ್ಣಿಟ್ಟ. ಇಡೀ ಮೈದಾನದಾಚೆ ನಿಂತಿದ್ದ ಮಿಕ್‌ನ ಹುಬ್ಬಿನ ಬೆವರ ಹನಿಯೊಂದು ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ನೆವಿಲ್‌ಗೆ ಉಸಿರಾಡುವುದೂ ಮರೆತುಹೋಯಿತು. ಇಷ್ಟು ವರ್ಷ ಈ ಮನುಷ್ಯನಿಂದ ಸಾಸೇಜ್ ಕೊಂಡಿದ್ದ. ಈ ಮುಖ ನೋಡಿಯೇ ಇರಲಿಲ್ಲ.

ಆಗ ವಾರಪಿಲ್ ಗೋಲು ಹೊಡೆಯಿತು. ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಬಾರಿಸಿದವು. ಬೆರಿಲ್ ಆಂಟಿಯದು ಎಲ್ಲಕ್ಕಿಂತ ಜೋರು. ಬಾನೆಟ್ ನಡುಗಿ ಲೆನ್ಸು ಆಕಾಶ ನೋಡಿತು.

"ಆಂಟೀ, ದಮ್ಮಯ್ಯ, ಹಾರ್ನ್ ಬೇಡ!"

"ನಲವತ್ತು ವರ್ಷದಿಂದ ಒಂದು ಗೋಲಿಗೂ ತಪ್ಪಿಸಿಲ್ಲ ಕಣೋ." ಮೂರನೆಯ ಕ್ವಾರ್ಟರ್ ಪೂರ್ತಿ ಗೊಣಗಿ, ಕಡೆಗೆ ಕಾರಿನಿಂದ ಇಳಿದರು. "ಕೊನೇ ಕ್ವಾರ್ಟರ್ ಮಾತ್ರ. ಅದೂ ಮಿಕ್‌ಗೋಸ್ಕರ."

ಈಗ ಎಲ್ಲವೂ ಸರಿಯಾಗಿತ್ತು. ನೆವಿಲ್ ಲೆನ್ಸನ್ನು ಗೋಲಿನ ಮುಂಭಾಗಕ್ಕೆ ಗುರಿಯಿಟ್ಟ. ಬೆನ್ನ ಮೇಲೆ ಒಂದು ಒದ್ದೆ ಜೆರ್ಸಿ ಬಿತ್ತು.

"ಇಬ್ಬರು ಕುಂಟ್ತಿದಾರೆ," ಅಂದ ರಾಸ್. "ಪಟ್ಟೀಲಿ ಉಳಿದಿರೋನು ನೀನೊಬ್ಬನೇ."

"ಅಯ್ಯೋ, ಫೋಟೋ—"

"ಗೋಲ್ ಮುಂದೆ ಕಂಬದ ಹಾಗೆ ನಿಂತ್ಕೋ. ಏನೂ ಮಾಡ್ಬೇಡ. ನಿಂಗೆ ಬರೋದೂ ಇಲ್ಲ."

ನೆವಿಲ್ ಬೆರಿಲ್ ಆಂಟಿಯ ಬೆರಳನ್ನು ಕ್ಯಾಮೆರಾದ ಗುಂಡಿಯ ಮೇಲಿಟ್ಟ. "ಮಿಕ್ ನೆಲ ಬಿಟ್ಟ ಕೂಡಲೇ ಒತ್ತಿ. ಬೇರೇನೂ ಮುಟ್ಟಬೇಡಿ." ಅಳುವುದೊಂದು ಬಾಕಿಯಿತ್ತು. ಓಡಿದ.

ಕಂಬದ ಹಾಗೆ ನಿಂತ. ಆಟ ಮುಗಿಯಲು ಇನ್ನೊಂದೇ ನಿಮಿಷವಿದೆ ಎನ್ನುವಾಗ ಚೆಂಡು ಎತ್ತರಕ್ಕೆ ಏರಿ, ಅವನತ್ತಲೇ ಇಳಿಯತೊಡಗಿತು. ಹಿಂದಿನಿಂದ ದಪದಪನೆ ಹೆಜ್ಜೆಗಳು. ಆಮೇಲೆ ಹೆಗಲ ಮೇಲೆ ಏನೋ ಕೂತಿತು. ಎಳೆಗರುವಲ್ಲ, ಬೆಳೆದ ಎತ್ತು. ನೆವಿಲ್ ಅಲ್ಲಾಡಲಿಲ್ಲ. ಅಲ್ಲಾಡಲು ಅವನಿಗೆ ಜಾಗವೇ ಇರಲಿಲ್ಲ.

ಮೈದಾನದಂಚಿನಲ್ಲಿ ಮಾಂಸದ ಪೈ ಮಾರುವವಳು ತೆರೆದ ಬಾಯಿ ಮುಚ್ಚಲಿಲ್ಲ. ಎದುರು ತಂಡದ ಬೆಂಬಲಿಗರೂ ಟೋಪಿ ತೆಗೆದರು. ಮುನ್ನೂರು ಜನ ತಲೆಯೆತ್ತಿ ಒಟ್ಟಿಗೆ ನೋಡಿದರು; ನೋಡದವನು ನೆವಿಲ್ ಒಬ್ಬನೇ, ಅವನ ಮುಖ ಹುಲ್ಲಿನತ್ತ ಬಾಗಿತ್ತು. ಆಮೇಲೆ, ಗೋಲು ಬೀಳುವ ಮೊದಲೇ, ಎಲ್ಲ ಹಾರ್ನ್‌ಗಳೂ ಒಟ್ಟಿಗೆ ಕೂಗಿದವು.

ಗುರುವಾರ ಚೌಕಟ್ಟು ತುಂಬಿತು. ಕ್ಲಬ್ಬಿಗೆ ಬಂದವರು ಅದರ ಮುಂದೆ ದನಿ ತಗ್ಗಿಸುತ್ತಿದ್ದರು. ಆಕಾಶಕ್ಕಂಟಿಕೊಂಡ ಮಿಕ್, ಬೆರಳ ತುದಿಯಲ್ಲಿ ಚೆಂಡು, ಚೆಂಡಿನ ಹೊಲಿಗೆ ಎಣಿಸಬಹುದು. ಕೆಳಗೆ ಬರೆದಿತ್ತು: ಮಿಕ್ ಡೂಲನ್, ಮುನ್ನೂರನೇ ಪಂದ್ಯ. ಚಿತ್ರ: ಬೆರಿಲ್ ಹಾಕಿಂಗ್.

ನೆವಿಲ್ ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಬಂತು. ನಿಜಕ್ಕೂ ಮನುಷ್ಯ ಹಾರಿದ್ದ.

"ಅಡಿಯಲ್ಲಿ ಒಂದು ಕಿವಿ ಕಾಣುತ್ತಲ್ಲ, ಯಾರದು?" ಪೈ ಮಾರುವವಳು ಕೇಳಿದಳು.

"ನಂದು."

"ಹೌದಾ! ಹಾಗಾದ್ರೆ ನಮ್ಮೆಲ್ಲರಿಗಿಂತ ಹತ್ತಿರ ಇದ್ದೋನು ನೀನೇ. ಹೇಳು ಮಾರಾಯಾ, ಹೇಗಿತ್ತು?"

ನೆವಿಲ್ ಹೆಗಲು ಸವರಿಕೊಂಡ.

"ಭಾರ ಇತ್ತು," ಅಂದ.