ಡೆಟ್ರಾಯಿಟ್ ನೋಡಲು ಕೆನಡಾಕ್ಕೆ

ಎರಡು ಊರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಯಾವುದು ಚೆಂದ ಎಂದು ಕೇಳುವವರಿಗೆ ಫಜೀತಿ ತಪ್ಪಿದ್ದಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ವಸಂತಕಾಲವಿಡೀ ನಾನು ಬೇರೆ ಉದ್ಯೋಗವಿಲ್ಲದವನ ಹಾಗೆ ಇದನ್ನೇ ಮಾಡಿದೆ. ಆದ್ದರಿಂದ ಈ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲೆ.

ಬೇರೆ ಉದ್ಯೋಗ ಇರಲಿಲ್ಲವೆಂದಲ್ಲ. ಚಿಕಾಗೋದಲ್ಲಿ ಕಟ್ಟಡ ವಿನ್ಯಾಸ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದೆ. ಆಗಷ್ಟೇ ಎದ್ದು ನಿಂತಿದ್ದ ಒಂದು ಭಾರೀ ಕಟ್ಟಡದಲ್ಲಿ ಮೆಟ್ಟಿಲ ತೊಲೆಗಳನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಓಕ್ ಬ್ರೂಕ್ ಕಡೆಯ ನಮ್ಮ ಮನೆಯಿಂದ ಹೊರಟು, ದೂರದಲ್ಲಿ ಅದರ ತುದಿ ಕಂಡ ಕೂಡಲೇ ಕಾರಿನಲ್ಲಿದ್ದವರಿಗೆಲ್ಲ "ಅಗೋ, ನಂದು" ಎಂದು ತೋರಿಸುತ್ತಿದ್ದೆ. "ಲಿಫ್ಟ್ ಇರೋ ಕಡೆ ನಿಮ್ಮ ಮೆಟ್ಟಿಲು ಯಾರ್ರೀ ಹತ್ತುತ್ತಾರೆ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

೧. ಪಂಥ

ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಧಾರವಾಡದವನು. ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಮನೆ, ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಆ ವರ್ಷ ಚಿಕಾಗೋದ ಕಂಪನಿಯೊಂದು ಅವನನ್ನು ಕೆಲಸಕ್ಕೆ ಕರೆಯಿತು. ಸುದ್ದಿ ಕೇಳಿ ನನ್ನ ಹೆಂಡತಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕತಂಗಿಯರು ಮೈಸೂರಿನಲ್ಲಿ ಒಂದೇ ಕೋಣೆಯಲ್ಲಿ ಬೆಳೆದವರು. ಇಲ್ಲಿ ನಡುವೆ ಮುನ್ನೂರು ಮೈಲಿ. ಭಾನುವಾರ ತಂಗಿಯ ಜೊತೆ ಮಾತಾಡಿ ಫೋನಿಟ್ಟ ಮೇಲೆ ಅವಳು ಅಡುಗೆಮನೆಯ ಕಿಟಕಿ ಹತ್ತಿರ ಸುಮ್ಮನೆ ನಿಂತುಬಿಡುತ್ತಿದ್ದಳು. ಅದನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತಿತ್ತು.

ಷಡ್ಡಕ ಮಾತ್ರ ಜಗ್ಗಲಿಲ್ಲ. "ಡೆಟ್ರಾಯಿಟ್ ಬಿಟ್ಟು ನಾ ಯಾಕ ಬರಬೇಕ್ರಿ ಸಾಹೇಬ್ರ?" ಎಂದ ಫೋನಿನಲ್ಲಿ.

"ಚಿಕಾಗೋನ ಕೆರೆ ಕಡೆಯಿಂದ ಒಂದ್ಸಲ ನೋಡಿ. ಸಾಲಾಗಿ ನಿಂತಿರೋ ಆ ಕಟ್ಟಡಗಳನ್ನ ನೋಡಿದ ಮೇಲೆ ಈ ಪ್ರಶ್ನೆ ಕೇಳಲ್ಲ" ಎಂದೆ.

"ನಮ್ಮೂರಾಗೇನು ಗುಡಿಸಲು ಅದಾವೇನ್ರಿ? ನಿಮ್ಮೂರು ನಮ್ಮೂರಿಗಿಂತ ಚಂದ ಅಂತ ನನ್ನ ಒಪ್ಪಿಸ್ರಿ, ಮರುದಿನನ ಗಂಟುಮೂಟೆ ಕಟ್ಟತೀನಿ. ಕಂಪನಿಯವರು ಎರಡು ತಿಂಗಳು ಟೈಮ್ ಕೊಟ್ಟಾರ."

"ಎರಡು ತಿಂಗಳು ಯಾಕೆ, ಎರಡು ವಾರ ಸಾಕು" ಎಂದೆ.

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಎರಡು ತಿಂಗಳೇ ಇರಲಿ. ನಲ್ಲಿ ರಿಪೇರಿಗೆ ಅರ್ಧ ಗಂಟೆ ಅಂದಿದ್ರು ಇವರು, ಮೂರು ದಿನದಿಂದ ಪಕ್ಕದ ಮನೆಯಲ್ಲಿ ಸ್ನಾನ ಮಾಡ್ತಿದೀವಿ" ಎಂದಳು.

೨. ಮಾವನವರ ತೀರ್ಪು

ಆಗ ನಮ್ಮ ಮಾವನವರು ಮೈಸೂರಿನಿಂದ ಬಂದಿದ್ದರು. ಲಿವೋನಿಯಾದಲ್ಲಿ ಒಂದು ವಾರವಿದ್ದು ನಮ್ಮ ಮನೆಗೆ ಬಂದರು. ನಿವೃತ್ತ ಹೆಡ್‌ಮಾಸ್ಟರು, ಇಬ್ಬರು ಅಳಿಯಂದಿರನ್ನೂ ಒಂದೇ ಬೆಂಚಿನ ಮೇಲೆ ನಿಲ್ಲಿಸಬಲ್ಲವರು. ಅವರು ಚಿಕಾಗೋ ಚೆಂದ ಎಂದರೆ ಷಡ್ಡಕನ ಬಾಯಿ ಮುಚ್ಚಿತು ಎಂದುಕೊಂಡು, ಅವರನ್ನು ನನ್ನ ಕಟ್ಟಡದ ತುದಿಗೆ ಕರೆದುಕೊಂಡು ಹೋದೆ.

ಆ ದಿನ ಮೋಡ. ಕೆಳಗೆ ಟಿಕೆಟ್ ಕೊಡುವವಳೇ, ಇವತ್ತು ಮೇಲೆ ಏನೂ ಕಾಣುವುದಿಲ್ಲ ಎಂದು ಎಚ್ಚರಿಸಿದಳು. ನಾವು ಹತ್ತುವಷ್ಟರಲ್ಲಿ ಮೋಡ ಸರಿಯುತ್ತದೆ ಎಂದು ನಾನೇ ಅವಳಿಗೆ ಧೈರ್ಯ ಹೇಳಿದೆ. ಮೇಲೆ ಹೋದರೆ ನಾಲ್ಕೂ ಗಾಜುಗಳ ಆಚೆ ಸುಣ್ಣ ಬಳಿದ ಗೋಡೆಯಂಥ ಬಿಳುಪು.

ಚಾಮುಂಡಿ ಬೆಟ್ಟ ಹತ್ತಿದ ಮೈಸೂರಿನವರೆಲ್ಲ ಮೊದಲು ಹುಡುಕುವುದು ತಮ್ಮ ತಮ್ಮ ಮನೆಯನ್ನು. ಮಾವನವರೂ ಗಾಜಿಗೆ ಹಣೆ ಒತ್ತಿ "ನಿಮ್ಮನೆ ಯಾವ ಕಡೆ?" ಎಂದು ಕೇಳಿದರು. ನಾನು ಪಶ್ಚಿಮಕ್ಕೆ ಕೈ ತೋರಿಸಿ ಅಲ್ಲಿ ಹೆದ್ದಾರಿ, ಅದರ ಎಡಕ್ಕೆ ನಮ್ಮ ಮನೆಗೆ ತಿರುಗುವ ಎಕ್ಸಿಟ್, ಈ ಕಡೆ ಕಟ್ಟಡಗಳ ಸಾಲು, ಹಿಂದೆ ಸಮುದ್ರದಂಥ ಕೆರೆ ಎಂದು ಇಪ್ಪತ್ತು ನಿಮಿಷ ವಿವರಿಸಿದೆ. ಅವರು ಕೈ ಹಿಂದೆ ಕಟ್ಟಿಕೊಂಡು ಪೂರ್ತಿ ಕೇಳಿದರು.

ಆ ಸಂಜೆ ಷಡ್ಡಕ ತೀರ್ಪು ಕೇಳಲು ಫೋನ್ ಮಾಡಿದ. ಮಾವನವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಊರಿನ ಬಗ್ಗೆ ಏನೂ ಹೇಳಕ್ಕಾಗಲ್ಲಪ್ಪ. ಆದರೆ ಪಾಠ ಚೆನ್ನಾಗಿ ಮಾಡ್ತಾನೆ."

೩. ಸ್ಲೈಡುಗಳು

ಯುಗಾದಿಗೆ ಲಿವೋನಿಯಾದ ಒಂದು ಶಾಲೆಯ ಹಾಲಿನಲ್ಲಿ ಸುತ್ತಲಿನ ಕನ್ನಡಿಗರೆಲ್ಲ ಸೇರಿದ್ದೆವು. ಊಟವಾದ ಮೇಲೆ ಪರದೆ ಕಟ್ಟಿ ಎರಡೂ ಊರಿನ ಸ್ಲೈಡ್ ತೋರಿಸುವುದು, ಜನರಿಂದ ಕೈ ಎತ್ತಿಸುವುದು ಎಂದು ಷಡ್ಡಕನ ಜೊತೆ ಒಪ್ಪಂದವಾಗಿತ್ತು.

ಮೊದಲು ನನ್ನ ಸರದಿ. ನನ್ನ ಬಳಿ ಚಿಕಾಗೋದ ಹನ್ನೆರಡು ಸ್ಲೈಡುಗಳಿದ್ದವು. ಹನ್ನೆರಡರಲ್ಲೂ ನಟ್ಟನಡುವೆ ನನ್ನ ಹೆಂಡತಿ ನಿಂತಿದ್ದಳು. ಅದಕ್ಕೆ ಕಾರಣವಿತ್ತು. ಬರೀ ಕಟ್ಟಡದ ಚಿತ್ರ ಕಳಿಸಿದರೆ ಮೈಸೂರಿನಿಂದ ನಮ್ಮಮ್ಮ "ಜನ ಇಲ್ಲದ ಫೋಟೋ ಯಾಕೆ ಕಳಿಸ್ತೀಯ, ಸೊಸೆ ಹೇಗಿದಾಳೆ ನೋಡಬೇಕು" ಎಂದು ಬರೆಯುತ್ತಿದ್ದರು. ಹಾಗಾಗಿ ಕ್ಯಾಮೆರಾ ಎತ್ತಿದಾಗೆಲ್ಲ ಇವಳನ್ನು ಮುಂದೆ ನಿಲ್ಲಿಸುವುದು ರೂಢಿಯಾಗಿಬಿಟ್ಟಿತ್ತು. ಅವಳ ತಲೆಯ ಹಿಂದೆ ಚಿಕಾಗೋದ ಒಂದೊಂದು ತುದಿ ಮಾತ್ರ ಇಣುಕುತ್ತಿತ್ತು.

"ಎಡಗಡೆ ಕಿವಿ ಪಕ್ಕ ಕಾಣ್ತಿದೆಯಲ್ಲ, ಅದು ನಾನು ಕೆಲಸ ಮಾಡಿದ ಕಟ್ಟಡ" ಎಂದು ಕೋಲಿನಿಂದ ತೋರಿಸಿದೆ. ಹೆಂಗಸರ ಸಾಲಿನಿಂದ "ಆ ಹಸಿರು ಸೀರೆ ಎಲ್ಲಿ ತಗೊಂಡಿದ್ದು?" ಎಂಬ ಪ್ರಶ್ನೆ ಬಂತು.

ಷಡ್ಡಕನ ಸ್ಲೈಡುಗಳಲ್ಲಿ ನದಿ, ನದಿಯಾಚೆ ಡೆಟ್ರಾಯಿಟ್, ಮೇಲೆ ಸಂಜೆಯ ಕೆಂಪು. ಸುಳ್ಳೇಕೆ ಹೇಳಲಿ, ನನಗೂ ಉಸಿರು ಹಿಡಿದಂತಾಯಿತು.

"ಇದನ್ನ ಎಲ್ಲಿ ನಿಂತು ತೆಗೆದ್ರಿ?" ಎಂದು ಕೇಳಿದೆ.

"ಎದುರು ದಂಡಿ ಮ್ಯಾಲೆ. ಅದು ಕೆನಡಾ ಬರತದ."

"ಅಂದ್ರೆ ನಿಮ್ಮೂರು ಚೆಂದ ಕಾಣ್ಬೇಕಾದ್ರೆ ದೇಶ ಬಿಟ್ಟು ಹೋಗಬೇಕು!" ಎಂದೆ. ಹಾಲಿಗೆ ಹಾಲೇ ನಕ್ಕಿತು. ಗೆದ್ದೆ ಎಂದುಕೊಂಡೆ. ಆದರೆ ಕೈ ಎತ್ತಿಸಿದಾಗ ಡೆಟ್ರಾಯಿಟಿಗೆ ಒಂಬತ್ತು, ಚಿಕಾಗೋಗೆ ಏಳು, ಹಸಿರು ಸೀರೆಗೆ ಮೂವತ್ತೊಂದು.

೪. ನ್ಯೂಯಾರ್ಕಿನ ಡಾಕ್ಟರು

ಅದೇ ಹಾಲಿನಲ್ಲಿ ನ್ಯೂಯಾರ್ಕಿನಿಂದ ಬಂದಿದ್ದ ಒಬ್ಬ ಎಳೆಯ ಡಾಕ್ಟರು ಕಾಫಿ ಹಿಡಿದು ನಮ್ಮ ಹತ್ತಿರ ಬಂದರು. "ನ್ಯೂಯಾರ್ಕ್ ಮುಂದೆ ಇವೆರಡೂ ಏನೂ ಅಲ್ಲ ಬಿಡಿ" ಎಂದರು. ಅಷ್ಟು ಹೊತ್ತೂ ಕಚ್ಚಾಡುತ್ತಿದ್ದ ನಾನೂ ಷಡ್ಡಕನೂ ಆ ಕ್ಷಣದಲ್ಲಿ ಒಂದಾದೆವು.

"ಅಂಥಾದ್ದೇನ್ರಿ ಅದ ಅಲ್ಲಿ? ಹೇಳ್ರಿ ನೋಡೋಣ" ಎಂದ ಷಡ್ಡಕ.

ಡಾಕ್ಟರು ಒಂದು ಗುಟುಕು ಕಾಫಿ ಕುಡಿದರು. ಆಮೇಲೆ ದನಿ ತಗ್ಗಿಸಿ, "ಎರಡು ವರ್ಷದಿಂದ ಡ್ಯೂಟಿ ಮೇಲೆ ಡ್ಯೂಟಿ. ಆಸ್ಪತ್ರೆಯಿಂದ ಹೊರಗೆ ಬಂದಿದ್ದೇ ಇವತ್ತು. ನ್ಯೂಯಾರ್ಕನ್ನ ಪೋಸ್ಟ್ ಕಾರ್ಡಲ್ಲಿ ನೋಡಿದೀನಿ, ತುಂಬಾ ಚೆನ್ನಾಗಿದೆ" ಎಂದರು.

೫. ಗಡಿಯಲ್ಲಿ

ಕಂಪನಿ ಕೊಟ್ಟ ಎರಡು ತಿಂಗಳಲ್ಲಿ ಒಂದು ವಾರ ಉಳಿದಿತ್ತು. "ಸ್ಲೈಡ್ ನೋಡಿ ನಕ್ಕರ ಆಗೂದಿಲ್ಲ. ಬಂದು ಕಣ್ಣಾರೆ ನೋಡ್ರಿ" ಎಂದ ಷಡ್ಡಕ. ಮಾವನವರು ಆಗಲೇ ಮೈಸೂರಿಗೆ ಹೊರಟುಹೋಗಿದ್ದರು. ನಾನೂ ಹೆಂಡತಿಯೂ ಲಿವೋನಿಯಾಕ್ಕೆ ಹೋದೆವು. ಭಾನುವಾರ ಮಧ್ಯಾಹ್ನ ಪುಳಿಯೋಗರೆ ಕಟ್ಟಿಕೊಂಡು ನಾಲ್ವರೂ ಅವನ ಕಾರಿನಲ್ಲಿ ಹೊರಟು, ನದಿಯ ಕೆಳಗಿನ ಸುರಂಗ ದಾಟಿ ಕೆನಡಾ ಸೇರಿದೆವು. ಹೋಗುವಾಗ ಅಲ್ಲಿನ ಗಡಿ ಅಧಿಕಾರಿಗಳು ನಗುತ್ತ ಕೈ ಬೀಸಿ ಒಳಗೆ ಬಿಟ್ಟರು.

ದಂಡೆಯ ಹುಲ್ಲಿನ ಮೇಲೆ ಕೂತು ಡೆಟ್ರಾಯಿಟ್ ನೋಡಿದೆವು. ಷಡ್ಡಕ ಒಂದು ಖಾಲಿ ಜಾಗ ತೋರಿಸಿ "ಅಲ್ಲಿ ದೊಡ್ಡ ದೊಡ್ಡ ಗೋಪುರ ಬರೂದದ. ಅವನ್ನೂ ಸೇರಿಸಿಕೊಂಡು ನೋಡ್ರಿ" ಎಂದ. "ಬರೋದನ್ನೆಲ್ಲ ಸೇರಿಸೋದಾದ್ರೆ ನಮ್ಮ ಮಂಡ್ಯನೂ ಚೆನ್ನಾಗಿರತ್ತೆ" ಎಂದೆ. ಅಕ್ಕತಂಗಿಯರು ನಮ್ಮಿಬ್ಬರ ಕಡೆ ನೋಡಲೂ ಇಲ್ಲ. ಒಂದೇ ಡಬ್ಬಿಯಿಂದ ತಿನ್ನುತ್ತ ಮೆಲ್ಲಗೆ ಮಾತಾಡುತ್ತಿದ್ದರು, ಇನ್ನೊಂದು ವಾರ ಎಂಬುದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು.

ವಾಪಸು ಬರುವಾಗ ಅಮೆರಿಕದ ಗಡಿಯ ಅಧಿಕಾರಿ ಗ್ರೀನ್ ಕಾರ್ಡ್ ಕೇಳಿದ. ಷಡ್ಡಕ ತನ್ನದನ್ನೂ ಹೆಂಡತಿಯದನ್ನೂ ಜೇಬಿನಿಂದ ತೆಗೆದು ಕೊಟ್ಟ. ನಾನು ತಿರುಗಿ ನನ್ನ ಹೆಂಡತಿಯ ಮುಖ ನೋಡಿದೆ.

"ನಮ್ಮದು ಭದ್ರವಾಗಿದೆ ರೀ. ಮನೆ ಬೀರುವಿನಲ್ಲಿ, ರೇಷ್ಮೆ ಸೀರೆ ಮಡಿಕೆಯೊಳಗೆ ಇಟ್ಟಿದೀನಿ" ಎಂದಳು ಅವಳು, ಹೆಮ್ಮೆಯಿಂದ.

ಅಧಿಕಾರಿ ಬಗ್ಗಿ ನನ್ನನ್ನು ನೋಡಿದ. "ಮನೆ ಎಲ್ಲಿ?"

"ಚಿಕಾಗೋ."

"ಕೆನಡಾಕ್ಕೆ ಯಾಕೆ ಹೋಗಿದ್ದೆ?"

ಇದ್ದದ್ದು ಇದ್ದ ಹಾಗೆ ಹೇಳಿದೆ. "ಡೆಟ್ರಾಯಿಟ್ ನೋಡೋದಕ್ಕೆ."

"ಚಿಕಾಗೋದಿಂದ ಮುನ್ನೂರು ಮೈಲಿ ಬಂದು, ಡೆಟ್ರಾಯಿಟ್ ದಾಟಿ, ಕೆನಡಾಕ್ಕೆ ಹೋಗಿ, ಡೆಟ್ರಾಯಿಟ್ ನೋಡಿದೆ?"

"ಹೌದು. ಯಾವ ಊರು ಚೆಂದ ಅಂತ ತೀರ್ಮಾನ ಮಾಡಬೇಕಿತ್ತು."

"ಸರಿ. ಏನು ತೀರ್ಮಾನ ಮಾಡಿದೆ?"

ಹೆಂಡತಿಯ ಬೆರಳು ನನ್ನ ಭುಜಕ್ಕೆ ಚುಚ್ಚಿತು. ಷಡ್ಡಕ ಸ್ಟಿಯರಿಂಗ್ ಹಿಡಿದು ಕಿವಿ ನಿಮಿರಿಸಿದ. ಚಿಕಾಗೋ ಎಂದರೆ ಈ ಮನುಷ್ಯ ಒಳಗೆ ಬಿಡುವುದಿಲ್ಲ. ಡೆಟ್ರಾಯಿಟ್ ಎಂದರೆ ನಾದಿನಿ ಚಿಕಾಗೋಗೆ ಬರುವುದಿಲ್ಲ. ಆದರೂ ಮೊದಲು ದೇಶದೊಳಗೆ ಇರಬೇಕಲ್ಲ ಎಂದು, ತುಂಬು ಆತ್ಮವಿಶ್ವಾಸದಿಂದ "ಡೆಟ್ರಾಯಿಟೇ ಚೆಂದ ಸಾರ್" ಎಂದೆ.

ಅಧಿಕಾರಿ ನೆಟ್ಟಗೆ ನಿಂತ. "ನಾನು ಡೆಟ್ರಾಯಿಟಿನಲ್ಲೇ ಹುಟ್ಟಿ ಬೆಳೆದವನು. ಇಲ್ಲೀತನಕ ನಿನ್ನ ಮಾತು ಅರ್ಧ ನಂಬಿದ್ದೆ. ಈಗ ನೀನು ಸುಳ್ಳು ಹೇಳ್ತಿರೋದು ಖಾತ್ರಿಯಾಯ್ತು. ಕಾರು ಪಕ್ಕಕ್ಕೆ ಹಾಕಿ" ಎಂದ.

ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಅವರು ಎಲ್ಲೆಲ್ಲಿಗೋ ಫೋನ್ ಮಾಡಿ, ದಾಖಲೆಯಲ್ಲಿ ನಮ್ಮ ಹೆಸರು ಸಿಕ್ಕಿದ ಮೇಲೆ, ಇನ್ನು ಮುಂದೆ ಕಾರ್ಡ್ ಸೀರೆಯಲ್ಲಿ ಇಡಬೇಡಿ ಎಂದು ಬೈದು ಕಳಿಸಿದರು. ಲಿವೋನಿಯಾದ ಎಕ್ಸಿಟ್ ಬಂದಾಗ ಷಡ್ಡಕ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ, "ನಾಳೆ ಚಿಕಾಗೋದವರಿಗೆ ಫೋನ್ ಮಾಡಿ ಬರತೀನಿ ಅಂತ ಹೇಳತೀನಿ" ಎಂದ.

ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು ತಬ್ಬಿಕೊಂಡು ಅಳತೊಡಗಿದರು. ನಾನು ಕಕ್ಕಾಬಿಕ್ಕಿಯಾಗಿ "ನಿಮ್ಮೂರಿನವನೇ ಹೇಳಿದ ಅಂತ ಒಪ್ಪಿದ್ರಾ?" ಎಂದೆ.

"ಅಂವ ಏನರ ಹೇಳವಲ್ಲನ್ಯಾಕ. ಡೆಟ್ರಾಯಿಟೇ ಚಂದ ಅಂತ ನಿಮ್ಮ ಬಾಯಿಂದ, ಸರಕಾರಿ ಅಧಿಕಾರಿ ಮುಂದ ಬಂತಲ್ರಿ. ನಾ ಗೆದ್ದೆ. ಗೆದ್ದ ಮ್ಯಾಲೆ ಊರು ಬಿಟ್ಟರ ಮರ್ಯಾದಿ ಹೋಗೂದಿಲ್ಲ."

ಇಷ್ಟು ದಿನವೂ ಅವನಿಗೆ ಬರುವ ಮನಸ್ಸಿತ್ತು, ಸೋತು ಬರುವ ಮನಸ್ಸು ಮಾತ್ರ ಇರಲಿಲ್ಲ ಎಂದು ಆಗ ಹೊಳೆಯಿತು. ಗಡಿಯಲ್ಲಿ ಹೆದರಿ ಆಡಿದ ಮಾತು ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ಅವನಿಗೆ ಹೇಳಲು ಬಾಯಿ ತೆರೆದೆ. ಹಿಂದಿನಿಂದ ಎರಡು ಕೈ ಬಂದು ನನ್ನ ಬಾಯಿ ಮುಚ್ಚಿದವು. ಒಂದು ಹೆಂಡತಿಯದು, ಇನ್ನೊಂದು ನಾದಿನಿಯದು.